ಹಿಮಗೂಬೆಯ ಮಂಡಿ

ಅಟ್ಟಣಿಗೆಯಿಂದ ಜಿಗಿಯುವ ಮುನ್ನ ನಾರ್ಮಾನನ ಎಡಗೈ ಮತ್ತೆ ಮಂಡಿಗೇ ಹೋಯಿತು.

"ನಿಲ್ಸು ಮಾರಾಯ!" ನಿರ್ದೇಶಕಿ ಜೋಸಿಯಾನ್ ಕೂಗಿದಳು. "ಈ ಆಟ ಹಿಮಗೂಬೆಯ ಹರೆಯದ ಕಥೆ. ಅವನಿಗಿನ್ನೂ ಇಪ್ಪತ್ತು ವರ್ಷ. ಮಂಡಿ ಸವರ್ಕೊಳ್ಳೋ ಮುದುಕ ಅಲ್ಲ."

"ನನಗೆ ಗೊತ್ತು ಕಣೆ. ಈ ಕೈಗೆ ಗೊತ್ತಾಗ್ಬೇಕಲ್ಲ!"

ಹಿಂದಿನ ವಿಡಿಯೋ ಗೇಮ್‌ಗಳಲ್ಲೆಲ್ಲ ಹಿಮಗೂಬೆಯೆಂಬ ಸೂಪರ್‌ಹೀರೋಗೆ ಮೈ ಕೊಟ್ಟವನು ನಾರ್ಮಾನನೇ. ಬಿಗಿಯಾದ ಕರಿ ಉಡುಪಿಗೆ ಮಿನುಗುವ ಪುಟ್ಟ ಚೆಂಡುಗಳನ್ನು ಅಂಟಿಸಿಕೊಂಡು ಅವನು ಹಾರಿದರೆ, ಸುತ್ತಲಿನ ಕ್ಯಾಮೆರಾಗಳು ಆ ಚಲನೆಯನ್ನು ಹಿಡಿದು ಹೀರೋಗೆ ತೊಡಿಸುತ್ತಿದ್ದವು. ಮೊದಲ ಆಟದ ಹೊತ್ತಿಗೆ ಮಂಡಿ ಉಳುಕಿ, ನೋವಿಗೆಂದು ಸವರಿಕೊಂಡದ್ದೂ ಹಾಗೆಯೇ ಹೀರೋನ ಜಿಗಿತದೊಳಗೆ ಸೇರಿಹೋಗಿತ್ತು. ತೆಗೆಯುವ ಪುರುಸೊತ್ತು ಆಗ ಯಾರಿಗೂ ಇರಲಿಲ್ಲ.

ಜೋಸಿಯಾನ್ ಬೇರೆ ದಾರಿ ಕಾಣದೆ ಯಾನಿಕ್‌ನನ್ನು ಕರೆದಳು. ಮಾಂಟ್ರಿಯಲ್‌ನ ಸರ್ಕಸ್ ಶಾಲೆಯಲ್ಲಿ ಪಳಗಿದ ಹುಡುಗ, ಹುರಿಗೊಂಡ ಮೈ. ಈ ಒಂದು ಜಿಗಿತ ಸರಿಬಂದರೆ ತನ್ನ ಕೆಲಸ ಹೋಯಿತೆಂದು ನಾರ್ಮಾನನಿಗೆ ತಿಳಿದಿತ್ತು. ಅಟ್ಟಣಿಗೆಯಿಂದ ಇಳಿದು ಗೋಡೆಗೊರಗಿದ.

ಯಾನಿಕ್ ಏಣಿಯ ಹಂಗಿಲ್ಲದೆ ಮೇಲೇರಿದ. ಉಸಿರೆಳೆದುಕೊಂಡ. ಬಾಗಿ, ಎಡಮಂಡಿಯನ್ನೊಮ್ಮೆ ಸವರಿ, ಹಕ್ಕಿಯ ಹಾಗೆ ಹಾರಿ ಸದ್ದಿಲ್ಲದೆ ಇಳಿದ.

ಜೋಸಿಯಾನ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು.

"ನಿನ್ನ ಮಂಡಿಗೇನಾಯ್ತೋ?" ನಾರ್ಮಾನ್ ಕೇಳಿದ.

"ಏನೂ ಆಗಿಲ್ವಲ್ಲ," ಹುಡುಗ ಪಿಳಿಪಿಳಿ ನೋಡಿದ. "ಹಿಮಗೂಬೆ ಹಾರೋದು ಹೀಗೇ ತಾನೆ? ಚಿಕ್ಕಂದಿನಿಂದ ನಾನೂ ಹೀಗೇ ಹಾರೋದು."