ನುಂಗದ ಮಾತ್ರೆ

ಹೊಸ ಮದ್ದಿನ ಪರೀಕ್ಷೆಗೆ ಬಂದವರಿಂದ, ಮಾತ್ರೆ ನುಂಗುವ ಮೊದಲೇ ತೆಗೆದ ರಕ್ತದಲ್ಲಿ ಆ ಮದ್ದು ಸಿಕ್ಕಿತ್ತು. ಪ್ರಯೋಗಾಲಯದ ವಿಶ್ಲೇಷಕಿ ಕಣ್ಣುಜ್ಜಿಕೊಂಡು ಇನ್ನೊಮ್ಮೆ ಯಂತ್ರ ಓಡಿಸಿದಳು. ಆಗಲೂ ಅಷ್ಟೇ. ಕಾಗದ ಹಿಡಿದು ಮುಖ್ಯಸ್ಥರ ಕೋಣೆಗೆ ಹೋದಳು.

ಮುಖ್ಯಸ್ಥರು ಹಿಗ್ಗಿ ಹೀರೇಕಾಯಿಯಾಗಿದ್ದರು. ಹೊಸ ಮದ್ದು ಎಣಿಸಿದ್ದಕ್ಕಿಂತ ಎರಡರಷ್ಟು ರಕ್ತಕ್ಕೆ ಸೇರುತ್ತಿದೆಯೆಂದು ಮೇಲಿನವರಿಗೆ ಆಗಲೇ ಡಂಗುರ ಸಾರಿಯಾಗಿತ್ತು.

"ಸಾರ್, ಗುರುತಿನ ಮದ್ದು ಕೆಟ್ಟಿದೆ," ಎಂದಳು.

ಗುರುತಿನ ಮದ್ದೆಂದರೆ ಅದೇ ಮದ್ದು. ಕೆಲವು ಹೈಡ್ರೋಜನ್ ಜಾಗದಲ್ಲಿ ಅದರದೇ ಭಾರದ ರೂಪವಾದ ಡ್ಯೂಟೀರಿಯಂ ಕೂರಿಸಿರುವುದರಿಂದ ಕೊಂಚ ಭಾರ. ಅದನ್ನು ಪ್ರತಿ ಮಾದರಿಗೂ ಇಷ್ಟೆಂದು ಬೆರೆಸಿ, ಅದರ ಜತೆ ಹೋಲಿಸಿ ಅಸಲಿ ಮದ್ದನ್ನು ಅಳೆಯುತ್ತಾರೆ. ಅದನ್ನು ಕಲಸಲು ಬೇಕಾದ ಸರಿಯಾದ ದ್ರಾವಣ ಬರಲು ತಡವಾಗುತ್ತದೆಂದು, "ಇರೋದ್ರಲ್ಲೇ ಕಲಸಿ" ಎಂದು ಅಪ್ಪಣೆ ಕೊಟ್ಟವರು ಮುಖ್ಯಸ್ಥರೇ. ಇದ್ದದ್ದು ಆಮ್ಲ. ಅದರಲ್ಲಿ ಡ್ಯೂಟೀರಿಯಂ ಎದ್ದು ಹೋಗಿ, ಹೈಡ್ರೋಜನ್ ಬಂದು ಕೂತು, ಭಾರದ ಮದ್ದು ಮಾಮೂಲಿ ಮದ್ದಾಗಿತ್ತು. ಯಂತ್ರ ಪಾಪ, ಅದನ್ನೂ ರಕ್ತ ಕೊಟ್ಟವರ ತಲೆಗೇ ಕಟ್ಟುತ್ತಿತ್ತು.

"ಕೆಟ್ಟಿರೋದು ನಿಮ್ಮ ತಲೆ. ಅವರು ಮೊದಲೇ ಎಲ್ಲೋ ನುಂಗಿರ್ತಾರೆ."

"ಇನ್ನೂ ಅಂಗಡಿಗೇ ಬರದ ಮಾತ್ರೇನಾ ಸಾರ್? ಇದನ್ನ ನಂಬಿದ್ರೆ ನಾಳೆ ರೋಗಿಗಳಿಗೆ ಅರ್ಧ ಮಾತ್ರೆ ಸಾಕು ಅಂತ ಬರೀತಾರೆ. ನಾನು ಸಹಿ ಹಾಕಲ್ಲ."

"ನೀವು ಹಾಕದಿದ್ರೆ, ಹಾಕೋರು ಬೇಕಾದಷ್ಟು ಜನ ಸಿಗ್ತಾರೆ."

ಅವಳು ದನಿ ತಗ್ಗಿಸಿ, "ಹಾಗಾದ್ರೆ ಏನೂ ನುಂಗದವರ ರಕ್ತ ಒಂಚೂರು ಬೇಕು. ನಿಮ್ಮದೇ ಕೊಡಿ ಸಾರ್," ಎಂದಳು.

"ಧಾರಾಳವಾಗಿ ತಗೊಳ್ಳಿ. ನಾನು ತಲೆನೋವಿಗೂ ಮಾತ್ರೆ ಮುಟ್ಟಿದವನಲ್ಲ," ಎಂದು ಮುಖ್ಯಸ್ಥರು ಠೀವಿಯಿಂದ ತೋಳು ಚಾಚಿದರು.

ಮಧ್ಯಾಹ್ನ ಅವರ ಮುಂದೆ ಇನ್ನೊಂದು ಕಾಗದ ಇಟ್ಟಳು. ಮುಖ್ಯಸ್ಥರ ರಕ್ತದಲ್ಲೂ ಮದ್ದು! ಅವರ ಮುಖ ಸುಣ್ಣದಂತಾಯಿತು.

"ನನಗ್ಯಾರು ನುಂಗಿಸಿದ್ರು?"

"ಯಾರೂ ಇಲ್ಲ ಸಾರ್. ನಿಮ್ಮ ರಕ್ತಕ್ಕೂ ಅದೇ ಗುರುತಿನ ಮದ್ದು ಬೆರೆಸಿದ್ದೆ. ಇದು ನೀವು ಕಲಸಿಸಿದ ಆಮ್ಲದ ಕೆಲಸ."

ಮುಖ್ಯಸ್ಥರು ಫೋನೆತ್ತಿ ಮೇಲಿನವರಿಗೆ ಹೇಳಿದರು: "ಆ ವರದಿ ತಡೆಹಿಡೀರಿ ಸಾರ್. ನಮ್ಮ ಹುಡುಗಿ ದ್ರಾವಣದಲ್ಲಿ ಏನೋ ಎಡವಟ್ಟು ಮಾಡ್ಕೊಂಡಿದ್ಲು, ನಾನೇ ಕಂಡುಹಿಡಿದೆ. ಎಲ್ಲಾ ಮೊದಲಿಂದ ಮಾಡಿಸ್ತೀನಿ. ಏನು ಹೇಳ್ಲಿ, ಈ ಕೆಲಸಕ್ಕೆ ನಾನು ರಕ್ತ ಕೊಟ್ಟಿದ್ದೀನಿ!"

ಅಷ್ಟು ಮಾತಿನಲ್ಲಿ ಕೊನೆಯದಂತೂ ಅಪ್ಪಟ ನಿಜ. ತೋಳಿಗೆ ಅಂಟಿಸಿದ್ದ ಹತ್ತಿಯಲ್ಲಿ ಕೆಂಪು ಚುಕ್ಕೆಯೊಂದು ಇನ್ನೂ ಹಸಿಯಾಗಿತ್ತು.