ನಡುಗದ ಗೆರೆ

ಗೆರೆ ನಡುಗಲಿಲ್ಲ! ಒಂದನೇ ಕ್ಲಾಸಿನ ಮಕ್ಕಳ ಮುಂದೆ ನಿಂತು ಡ್ರಾಯಿಂಗ್ ಮೇಷ್ಟ್ರು ಟ್ಯಾಬಿನ ಗಾಜಿನ ಮೇಲೆ ಪೆನ್ನಿಟ್ಟು, ದೇವರ ಮೇಲೆ ಭಾರ ಹಾಕಿ ಒಂದು ಸುತ್ತು ಸುತ್ತಿಸಿದ್ದರು, ಅಷ್ಟೇ. ಗೋಡೆಯ ದೊಡ್ಡ ಪರದೆಯ ಮೇಲೆ ಹುಣ್ಣಿಮೆ ಚಂದ್ರ ಮೂಡಿಬಿಟ್ಟ. ಎಲ್ಲೂ ಅಂಕುಡೊಂಕಿಲ್ಲ, ಕೈವಾರ ಹಿಡಿದು ಎಳೆದಂಥ ಚಂದ್ರ. ಕಿಟಕಿ ಮುಚ್ಚಿ ಕತ್ತಲು ಮಾಡಿದ್ದ ಕೋಣೆಯಲ್ಲಿ ಮೂವತ್ತು ಪುಟ್ಟ ಮುಖಗಳ ಮೇಲೆ ಬೆಳದಿಂಗಳು ಬಿತ್ತು. ಮೇಷ್ಟ್ರು ತಮ್ಮ ಬಲಗೈಯನ್ನು ಬೇರೆ ಯಾರದೋ ಕೈ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಏನಾದರೂ ಹಿಡಿದೊಡನೆ ಆ ಕೈ ನಡುಗಲು ಶುರುವಾಗಿ ಎರಡು ವರ್ಷ. "ಇನ್ನು ಇದು ಹೀಗೇ, ಮಾತ್ರೆ ನುಂಗ್ತಾ ಇರಿ" ಅಂತ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ವಿಷಯ ಗೊತ್ತಿದ್ದದ್ದು ಹೆಂಡತಿ ಒಬ್ಬಳಿಗೇ. ಸ್ಕೂಲಿನಲ್ಲಿ ಮೇಷ್ಟ್ರು "ನೀವೇ ಬರೀರಿ, ನಾನು ನೋಡ್ತೀನಿ" ಅಂತ ಸೀಮೆಸುಣ್ಣವನ್ನು ಮಕ್ಕಳಿಗೆ ಕೊಟ್ಟು, ತಮ್ಮ ಕೈಯನ್ನು ಜೇಬಿಗೆ ಸೇರಿಸಿಬಿಡುತ್ತಿದ್ದರು. ಇದೇನೋ ಹೊಸ ಬೋಧನಾ ಕ್ರಮ ಅಂದುಕೊಂಡ ಹೆಡ್ ಮೇಡಂ ಮೀಟಿಂಗಿನಲ್ಲಿ ಚಪ್ಪಾಳೆ ಬೇರೆ ಹೊಡೆಸಿದ್ದರು. ಅವತ್ತು ಮೇಷ್ಟ್ರಿಗೆ ಊಟ ಸೇರಿರಲಿಲ್ಲ. ಗೆರೆ ಎಳೆಯಲಾರದವನು ಎಂಥ ಡ್ರಾಯಿಂಗ್ ಮೇಷ್ಟ್ರು ಎಂಬ ಸಂಕಟ. ಈಗ ಟ್ಯಾಬುಗಳು ಬಂದಿದ್ದವು. ಪ್ರತಿ ಕ್ಲಾಸಿನಲ್ಲೂ ಮೊದಲು ಮೇಷ್ಟ್ರೇ ಬರೆದು ತೋರಿಸಬೇಕು ಅಂತ ಮೇಡಂ ಅಪ್ಪಣೆ ಮಾಡಿದ್ದರಿಂದ ಇವತ್ತು ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

"ಸಾರ್, ಚಂದ್ರಂಗೆ ಮೂಗು!" ಅಂತ ಒಬ್ಬಳು ಕೂಗಿದಳು. ಮೂಗು ಬಂತು. "ಕಣ್ಣು! ಮೀಸೆ!" ಮೀಸೆಯೂ ಬಂತು, ಹುರಿ ಮಾಡಿದ್ದು. ಆರನೇ ಕ್ಲಾಸಿಗೆ ಹೋದರೆ ಅಲ್ಲಿ ಹೊಳೆ ಹರಿಯಿತು, ಹೊಳೆಯ ಮೇಲೆ ಸೇತುವೆ, ಸೇತುವೆಯ ಕೆಳಗೆ ದೋಣಿ. ಮಕ್ಕಳು ತಾವು ಫೋಟೋ ತೆಗೆದು ತಂದಿದ್ದ ಎಲೆಗಳನ್ನೆಲ್ಲ ಆ ನೀರಿನಲ್ಲಿ ತೇಲಿಬಿಟ್ಟರು. ಕೋಣೆಯೇ ಮೆಲ್ಲಗೆ ತೇಲುತ್ತಿದೆ ಅನಿಸಿತು ಮೇಷ್ಟ್ರಿಗೆ. ಬೆಲ್ ಹೊಡೆದದ್ದು ಅವರಿಗೆ ಕೇಳಿಸಲೇ ಇಲ್ಲ.

ಕಾರಿಡಾರಿಗೆ ಬಂದವರೇ ಮನೆಗೆ ಫೋನ್ ಮಾಡಿದರು.

"ಕೈ ಸರಿಹೋಯ್ತು ಕಣೇ!"

"ಏನಂದ್ರಿ?"

"ಗೆರೆ ನೆಟ್ಟಗೆ ಬರ್ತಿದೆ. ಬೆಳಗ್ಗೆಯಿಂದ ಬರೀತಾನೇ ಇದೀನಿ. ನಿನ್ನಾಣೆಗೂ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು. "ನಂಗೊತ್ತಿತ್ತು ರೀ," ಅಂದಳು ಹೆಂಡತಿ. "ಬೇಗ ಮನೆಗೆ ಬನ್ನಿ."

ಹತ್ತನೇ ಕ್ಲಾಸಿಗೆ ಮೇಷ್ಟ್ರು ನಡೆದು ಹೋಗಲಿಲ್ಲ, ಹಾರಿಕೊಂಡೇ ಹೋದರು ಅನ್ನಬೇಕು. ಇವತ್ತು ಮನುಷ್ಯನ ಮುಖ, ಅದೂ ಒಂದೇ ಗೆರೆಯಲ್ಲಿ, ಪೆನ್ನು ಎತ್ತದೆ, ಅಂತ ಜಂಬದಿಂದ ಸಾರಿದರು. ಹಣೆಯಿಂದ ಮೂಗಿಗೆ ಇಳಿಯುವಷ್ಟರಲ್ಲಿ ಮೊದಲ ಬೆಂಚಿನ ಹುಡುಗಿ ಎದ್ದು ನಿಂತಳು. ಟ್ಯಾಬುಗಳ ಉಸ್ತುವಾರಿಯೆಲ್ಲ ಅವಳದೇ; ಕ್ಲಾಸಿನವರು ಅವಳನ್ನು 'ಇಂಜಿನಿಯರ್' ಅಂತಲೇ ರೇಗಿಸುತ್ತಿದ್ದದ್ದು.

"ಅಯ್ಯೋ, ಒಂದ್ನಿಮಿಷ ಸಾರ್! ನಿಮ್ಮ ಟ್ಯಾಬಲ್ಲಿ ಗೆರೆ ತಿದ್ದೋದು ನೂರಕ್ಕೇ ಇದೆ."

"ಅದೇನಮ್ಮ ಅದು?"

"ಕೈ ಎಷ್ಟೇ ಅಲ್ಲಾಡಿದ್ರೂ ಅದೇ ಗೆರೆನ ನೆಟ್ಟಗೆ ಮಾಡಿಬಿಡುತ್ತೆ ಸಾರ್. ಒಂದನೇ ಕ್ಲಾಸ್ ಮಕ್ಕಳ ಕೈ ನಿಲ್ಲಲ್ವಲ್ಲ, ಅವರಿಗೆ ಅಂತ ನಿನ್ನೆ ಎಲ್ಲಾದ್ರಲ್ಲೂ ಏರಿಸಿಟ್ಟಿದ್ದೆ. ನಿಮ್ಮದರಲ್ಲಿ ಇಳಿಸೋಕೆ ಮರೆತೇಹೋಯ್ತು." ಮಾತಾಡುತ್ತಲೇ ಅವಳು ಗಾಜಿನ ಮೇಲೆ ಬೆರಳು ಜಾರಿಸಿ ಸೊನ್ನೆಗೆ ತಂದಿಟ್ಟಳು. "ನಿಮಗ್ಯಾಕೆ ಸಾರ್ ಅದೆಲ್ಲ? ಹೂಂ, ಈಗ ಬರೀರಿ."

ಇಡೀ ಕ್ಲಾಸು ಪರದೆ ನೋಡುತ್ತಿತ್ತು. ಗೆರೆ ನಿಂತಲ್ಲಿಂದಲೇ ಮೇಷ್ಟ್ರು ಪೆನ್ನು ಮುಂದುವರಿಸಿದರು. ಅಷ್ಟು ಹೊತ್ತು ನುಣ್ಣಗೆ ಇಳಿದಿದ್ದ ಮೂಗು ತುದಿಯ ಹತ್ತಿರ ಗಡಗಡ ನಡುಗಿತು. ತುಟಿ ಗರಗಸದ ಹಲ್ಲಾಯಿತು. ಗದ್ದದವರೆಗೆ ಹೋಗುವ ಧೈರ್ಯ ಅವರಿಗಾಗಲಿಲ್ಲ.

"ಸಾರ್, ಟ್ಯಾಬ್ ಕೆಟ್ಟೋಯ್ತಾ?" ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

"ಹೂಂ ಕಣಪ್ಪಾ, ಕೆಟ್ಟಿದೆ," ಅಂದರು ಮೇಷ್ಟ್ರು, ಕೈಯನ್ನು ಜೇಬಿಗೆ ಸೇರಿಸುತ್ತಾ. "ನೀವೇ ಬರೀರಿ. ನಾನು ನೋಡ್ತೀನಿ."

ಸಂಜೆ ಮನೆಯ ದಾರಿಯುದ್ದಕ್ಕೂ ಅವರು ಹೆಂಡತಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೇ ನಡೆದರು. ಅದೊಂದು ಮಷೀನು ಕಣೇ, ನಾನು ದಡ್ಡ, ನನಗೆ ತಿಳೀಲಿಲ್ಲ. ಇಷ್ಟೇ ಸಾಕು. ಬಾಗಿಲಲ್ಲೇ ಹೇಳಿಬಿಡಬೇಕು, ಒಳಗೆ ಹೋದರೆ ಆಗಲ್ಲ ಅಂತ ಗಟ್ಟಿ ಮಾಡಿಕೊಂಡು ಮೆಟ್ಟಿಲು ಹತ್ತಿದರು.

ಬಾಗಿಲು ಆಗಲೇ ತೆರೆದಿತ್ತು. ಎರಡು ವರ್ಷದಿಂದ, ಚೆಲ್ಲೀತು ಅಂತ, ಅರ್ಧ ಲೋಟಕ್ಕಿಂತ ಒಂದು ಹನಿ ಹೆಚ್ಚು ಹಾಕದಿದ್ದವಳು ಇವತ್ತು ಕಾಫಿಯನ್ನು ಲೋಟದ ಅಂಚಿನವರೆಗೂ ತುಂಬಿ, ತುಳುಕದ ಹಾಗೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ತಗೊಳ್ಳಿ," ಅಂದಳು.