ಒದ್ದೆ ಕೈ

ಉಪ್ಪಿನಕಾಯಿ ಬಾಟಲಿಗಳಿಗೆ ಚೀಟಿ ಮುದ್ರಿಸಲೆಂದು ಚಂಪಕ್ಕ ಫೋನಿಗೆ ಲೇಬಲ್ ಪ್ರಿಂಟರ್ ಜೋಡಿಸುತ್ತಿದ್ದಾಗ ಬ್ಲೂಟೂತ್ ಪಟ್ಟಿಯಲ್ಲಿ ಅಕ್ಕನ ಹೆಸರು ಮೂಡಿತು: ಗೋದಾಬಾಯಿ. ಆಸ್ಪತ್ರೆಯಿಂದ ಕರೆ ಬರುವ ಮೊದಲೇ ಅಕ್ಕ ಹೋದ ಸುದ್ದಿ ತಿಳಿಯಿತು. ಸತ್ತವರು ಬರುವುದೇ ಹೀಗೆ. ತಮ್ಮ ಕೈಗೆ ಪಳಗಿದ ಯಂತ್ರದ ಬಳಿ ನಿಂತು, ಒಂದು ಮಾತು ಹೇಳಿ, ಮನೆಯವರು ಬಿಟ್ಟುಕೊಟ್ಟ ಮೇಲೆ ಹೋಗುತ್ತಾರೆ. ಬಿಡದಿದ್ದರೆ ಅವರಿಗೆ ಸದ್ಗತಿಯಿಲ್ಲ.

ಸಮಾರಾಧನೆ ಮುಗಿದರೂ ಚಂಪಕ್ಕ ಆ ಹೆಸರನ್ನು ಮುಟ್ಟಲಿಲ್ಲ. ಪ್ರಿಂಟರಿನ ಚಾರ್ಜು ಮಾತ್ರ ಇಳಿಯಲು ಬಿಡಲಿಲ್ಲ.

“ಇನ್ನ ಎಷ್ಟ್ ದಿನಾ ಅವರನ್ನ ಬಾಗಲಾಗ ನಿಂದ್ರಸ್ತೀರಿ ಚಂಪಕ್ಕಾ? ಬದುಕಿದ್ದಾಗೂ ಅವರಿಗೆ ಕಾಯೂದಂದ್ರ ಆಗ್ತಿದ್ದಿಲ್ಲ,” ಎಂದಳು ಜೊತೆಗೆ ಮಾವಿನಕಾಯಿ ಹೆಚ್ಚುತ್ತಿದ್ದ ನೆರೆಮನೆಯ ನೀಲವ್ವ.

“ಇದೊಂದ ಹೆಸರು ಉಳದದ ನೀಲವ್ವಾ. ಬಿಟ್ಟರ ಅದೂ ಹೋಗ್ತದ.”

ಆದರೂ ಕಣ್ಣು ಒರೆಸಿಕೊಂಡ ಬೆರಳಿನಿಂದಲೇ ಹೆಸರನ್ನು ಒತ್ತಿದಳು. ಪ್ರಿಂಟರು ಗುರ್ ಎಂದು ಒಂದು ಚೀಟಿ ಹೊರಹಾಕಿತು. ಅಕ್ಕ ಜೀವಮಾನವಿಡೀ ಪ್ರತಿ ಬಾಟಲಿಗೂ ಅಂಟಿಸಿದ ಮಾತೇ ಅದು: ‘ಒದ್ದೆ ಕೈ ಹಾಕಬೇಡಿರಿ.’ ಕೆಳಗೆ ಮಾತ್ರ ಹೊಸದಾಗಿ, ‘ಚಂಪೂ, ಕೈ ಒರಸಿಕೋ’ ಎಂದಿತ್ತು.

ಚಂಪಕ್ಕ ಸೆರಗಿಗೆ ಕೈ ಒರೆಸಿಕೊಂಡು ‘ಸಂಪರ್ಕ ಬಿಡಿಸಿ’ ಎಂಬಲ್ಲಿ ಒತ್ತಿದಳು. ಹೆಸರು ಅಳಿಯಿತು.

“ವಿಠ್ಠಲಾ, ನಮ್ಮಕ್ಕನ್ನ ನಿನ್ನ ಪಾದದಾಗ ಇಟ್ಟುಕೋ. ಆ ಜೀವಕ್ಕ ಶಾಂತಿ ಕೊಡಪ್ಪಾ.”